ಪೋಪ್ ಮಾತು ಮೈಸೂರಿಗೆ ತಲುಪುವ ಹೊತ್ತಿಗೆ

2025ರ ಏಪ್ರಿಲ್ 21, ಸೋಮವಾರ. ಪಾಸ್ಕ (ಈಸ್ಟರ್) ಹಬ್ಬ ಮುಗಿದ ಮರುದಿನ. ನಮ್ಮ ಮನೆಯಲ್ಲಿ ಹಬ್ಬದ ಸಾರನ್ನೇ ಬಿಸಿ ಮಾಡಿ ಊಟಕ್ಕೆ ಕೂತಿದ್ದೆವು. ಒಂದೂವರೆ ಹೊತ್ತಿಗೆ ಫೋನುಗಳು ಒಂದರ ಹಿಂದೆ ಒಂದು ಸದ್ದು ಮಾಡತೊಡಗಿದವು. ಪೋಪ್ ಫ್ರಾನ್ಸಿಸ್ ತೀರಿಕೊಂಡಿದ್ದರು. ಹಿಂದಿನ ದಿನವಷ್ಟೇ ಅವರು ಸಂತ ಪೇತ್ರರ ಚೌಕದ ಮೇಲಿನ ಬಾಲ್ಕನಿಗೆ ಬಂದು, ಏಳಲಾಗದ ದನಿಯಲ್ಲಿ ಹಬ್ಬದ ಶುಭಾಶಯ ಹೇಳಿದ್ದನ್ನು ಟಿವಿಯಲ್ಲಿ ನೋಡಿದ್ದೆವು. ಅಮ್ಮ ತಟ್ಟೆಯಿಂದ ಕೈ ತೆಗೆದು ಶಿಲುಬೆ ಗುರುತು ಹಾಕಿಕೊಂಡರು. "ಹಬ್ಬ ಮುಗಿಸಿಕೊಂಡೇ ಹೋದರು" ಅಂದರು. ಅಷ್ಟೇ.

ಸಂಜೆ ಹೊತ್ತಿಗೆ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಬೇರೆಯದೇ ಗಾಳಿ ಬೀಸುತ್ತಿತ್ತು. ಹೊರದೇಶದಲ್ಲಿರುವ ನೆಂಟರೊಬ್ಬರು ಒಂದು ಇಂಗ್ಲಿಷ್ ವಿಡಿಯೊ ಹಾಕಿದ್ದರು. ಫ್ರಾನ್ಸಿಸ್ ಸಭೆಯನ್ನು, ಅಂದರೆ ಇಡೀ ಕಥೋಲಿಕ ಸಮುದಾಯವನ್ನು, ಹಾಳು ಮಾಡಿದರು, ಇನ್ನಾದರೂ ಸರಿಯಾದವರು ಬರಲಿ ಎನ್ನುವ ಅರ್ಥದ್ದು. ಅದಕ್ಕೆ ಉತ್ತರವಾಗಿ ಇನ್ನೊಬ್ಬರು ಮತ್ತೊಂದು ವಿಡಿಯೊ ಹಾಕಿದರು. ದೇಹ ಇನ್ನೂ ಸಮಾಧಿ ಸೇರಿರಲಿಲ್ಲ. ನನಗೆ ತುಂಬಾ ಬೇಜಾರಾಯಿತು.

ಒಂದೇ ಮನೆ, ಒಂದೇ ದಿನ. ಅಮ್ಮನ ಪ್ರತಿಕ್ರಿಯೆಗೂ ಆ ವಿಡಿಯೊಗಳಿಗೂ ಏನಾದರೂ ಸಂಬಂಧ ಇತ್ತಾ? ಅಮ್ಮ ಫ್ರಾನ್ಸಿಸ್ ಅವರ ಎಲ್ಲ ಮಾತನ್ನೂ ಒಪ್ಪಿದ್ದರು ಅಂತೇನಿಲ್ಲ. ಎಷ್ಟೋ ಮಾತು ಅವರ ಕಿವಿಗೇ ಬಿದ್ದಿರಲಿಲ್ಲ. ಆದರೂ ಅಳುವಷ್ಟು ಹತ್ತಿರದವರು ಹೋದ ಹಾಗಿತ್ತು ಅವರಿಗೆ. ಪೋಪ್ ಒಬ್ಬರ ಮಾತು ಮತ್ತು ಮುಖ ನಮ್ಮ ಕಡೆಯ ಕಥೋಲಿಕರಿಗೆ ಹೇಗೆ ತಲುಪುತ್ತದೆ, ತಲುಪಿದ ಮೇಲೆ ಏನಾಗುತ್ತದೆ ಅನ್ನುವುದನ್ನು ಇಲ್ಲಿಂದಲೇ ಯೋಚಿಸಬೇಕು ಅನಿಸಿತು. ಫ್ರಾನ್ಸಿಸ್ ಪರ, ವಿರೋಧ ಎಂದು ಅಮೆರಿಕದಲ್ಲಿ ನಡೆಯುವ ಜಗಳದ ಕನ್ನಡಕ ಹಾಕಿಕೊಂಡು ನೋಡಿದರೆ ಮೈಸೂರು ಕಾಣುವುದಿಲ್ಲ.

ಮೈಸೂರಿನಲ್ಲಿ ಇದಕ್ಕೆ ಒಂದು ಹಳೆಯ, ದೊಡ್ಡ ಉದಾಹರಣೆ ಕಣ್ಣೆದುರೇ ನಿಂತಿದೆ. 175 ಅಡಿ ಎತ್ತರದ ಎರಡು ಗೋಪುರ. ಅಶೋಕ ರಸ್ತೆಯ ಸಂತ ಫಿಲೋಮಿನಾ ಚರ್ಚು.

ಅದರ ಅಡಿಗಲ್ಲು ಹಾಕಿದವರು ನಾಲ್ವಡಿ ಕೃಷ್ಣರಾಜ ಒಡೆಯರು, 1933ರಲ್ಲಿ. ಅದಕ್ಕೂ ಮೊದಲೇ, 1926ರಲ್ಲಿ, ಮಹಾರಾಜರ ಕಾರ್ಯದರ್ಶಿಯಾಗಿದ್ದ ತಂಬುಚೆಟ್ಟಿಯವರು ಪೋಪ್ ಪ್ರತಿನಿಧಿಯಾಗಿದ್ದ ಪೀಟರ್ ಪಿಸಾನಿಯವರ ಮೂಲಕ ಫಿಲೋಮಿನಮ್ಮನ ಪವಿತ್ರ ಅವಶೇಷವನ್ನು ತರಿಸಿದ್ದರು. ಅದು ಇವತ್ತಿಗೂ ಚರ್ಚಿನ ನೆಲಮಾಳಿಗೆಯಲ್ಲಿದೆ. ಮೆಟ್ಟಿಲಿಳಿದು ಹೋಗಿ ಕೈ ಮುಗಿದು ಇನ್ನೊಂದು ಕಡೆಯಿಂದ ಹತ್ತಿ ಬರುತ್ತಾರೆ. ಕ್ರೈಸ್ತರಷ್ಟೇ ಅಲ್ಲ, ಊರಿನವರೆಲ್ಲ ಬರುತ್ತಾರೆ.

ಈಗ ಇನ್ನೊಂದು ಬದಿ ನೋಡಿ. ಫಿಲೋಮಿನಾ ಅವರದು ಎಂದು ನಂಬಿದ ಎಲುಬುಗಳು ರೋಮಿನ ಪ್ರಿಶಿಲ್ಲಾ ನೆಲಸಮಾಧಿಯಲ್ಲಿ ಸಿಕ್ಕಿದ್ದು 1802ರಲ್ಲಿ. ಆಕೆಯ ಬದುಕಿನ ಬಗ್ಗೆ ಬರೆದಿಟ್ಟ ದಾಖಲೆ ಇರಲಿಲ್ಲ. ಸಮಾಧಿಯ ಹೆಂಚುಗಳ ಮೇಲೆ ಒಂದು ಹೆಸರಿತ್ತು, ಕೆಲವು ಚಿತ್ರಗಳಿದ್ದವು. ಭಕ್ತಿ ಹಬ್ಬಿತು. 1837ರಲ್ಲಿ ಪೋಪ್ ಹದಿನಾರನೇ ಗ್ರೆಗರಿ ಸಾರ್ವಜನಿಕ ಆರಾಧನೆಯಲ್ಲಿ ಆಕೆಯ ಹಬ್ಬಕ್ಕೆ ಅನುಮತಿ ಕೊಟ್ಟರು. ನೂರು ವರ್ಷ ದಾಟಿತು. 1961ರ ಫೆಬ್ರವರಿ 14ರಂದು, ಇಪ್ಪತ್ಮೂರನೇ ಜಾನ್ ಪೋಪ್ ಆಗಿದ್ದಾಗ, ರೋಮಿನ ಕಚೇರಿ ಒಂದು ಆದೇಶ ಹೊರಡಿಸಿತು. ಎಲ್ಲ ಪೂಜಾ ಪಂಚಾಂಗಗಳಿಂದ ಫಿಲೋಮಿನಾ ಹೆಸರು ತೆಗೆಯಿರಿ ಎಂದು. ಚರಿತ್ರೆಯ ಆಧಾರ ಸಾಲದು ಅನ್ನುವ ಕಾಲ ಅದು.

ಯೋಚಿಸಿ ನೋಡಿ. ಒಂದು ಊರಿನ ಮುಖ್ಯ ದೇವಾಲಯ ಯಾರ ಹೆಸರಿನಲ್ಲಿ ನಿಂತಿದೆಯೋ ಅವರ ಹಬ್ಬವನ್ನೇ ರೋಮ್ ಪಂಚಾಂಗದಿಂದ ತೆಗೆದರೆ ಏನಾಗಬೇಕಿತ್ತು? ಒಂದೋ ಹೆಸರು ಬದಲಾಗಬೇಕಿತ್ತು, ಇಲ್ಲವೇ ರೋಮ್ ವಿರುದ್ಧ ಜನ ಎದ್ದು ನಿಲ್ಲಬೇಕಿತ್ತು. ಎರಡೂ ಆಗಲಿಲ್ಲ. ಚರ್ಚಿಗೆ ಕಾಗದದ ಮೇಲೆ ಸಂತ ಜೋಸೆಫರ ಹೆಸರೂ ಸೇರಿದೆ. ಆದರೆ ಆಟೊದವರನ್ನು ಕೇಳಿ, ಫಿಲೋಮಿನಾ ಚರ್ಚ್ ಅಂದರೆ ಸಾಕು. ಭಕ್ತಿ ಹಾಗೇ ಉಳಿಯಿತು. ಆದೇಶ ಪಂಚಾಂಗದ ಬಗ್ಗೆ ಮಾತ್ರ ಇತ್ತು, ಖಾಸಗಿ ಭಕ್ತಿಯನ್ನು ಯಾರೂ ನಿಷೇಧಿಸಿರಲಿಲ್ಲ. ಮೈಸೂರಿನ ಅಜ್ಜ ಅಜ್ಜಿಯರಿಗೆ ಈ ಕಾನೂನಿನ ವ್ಯತ್ಯಾಸ ಯಾರೂ ಕೂರಿಸಿಕೊಂಡು ಹೇಳಿಕೊಟ್ಟಿದ್ದಿಲ್ಲ. ಆದರೂ ಅವರು ನಡೆದುಕೊಂಡ ರೀತಿ ಆ ವ್ಯತ್ಯಾಸಕ್ಕೆ ಸರಿಯಾಗಿಯೇ ಇತ್ತು. ದೊಡ್ಡವರ ಮಾತಿಗೆ ಎದುರಾಡಲಿಲ್ಲ, ಮನೆಯ ದೀಪವನ್ನೂ ಆರಿಸಲಿಲ್ಲ.

ನಾನು ಹೇಳಬೇಕೆಂದಿರುವುದು ಇದನ್ನೇ. ನಮ್ಮ ಕಡೆ ಪೋಪ್ ಅಂದರೆ ಮನೆಯ ಹಿರಿಯರಿದ್ದ ಹಾಗೆ. ಹಿರಿಯರ ಒಂದೊಂದು ಮಾತನ್ನೂ ತೂಗಿ, ಒಪ್ಪಿಗೆಯಾದರೆ ಗೌರವ, ಆಗದಿದ್ದರೆ ಬೈಗುಳ ಅನ್ನುವ ಲೆಕ್ಕ ನಮ್ಮಲ್ಲಿ ಇರಲಿಲ್ಲ. ಸಂಬಂಧ ಮೊದಲು, ಮಾತು ಆಮೇಲೆ. ಈ ಕ್ರಮ ಈಗ ಫೋನಿನಿಂದಾಗಿ ತಲೆಕೆಳಗಾಗುತ್ತಿದೆ.

ಹಾಗಂತ ಪೋಪ್ ಬಾಯಿಂದ ಬಂದದ್ದೆಲ್ಲ ಒಂದೇ ತೂಕದ್ದು ಅಂತಲೂ ಅಲ್ಲ. ಇಲ್ಲೇ ಜಾಸ್ತಿ ಗೊಂದಲ ಇರುವುದು. ಕಥೋಲಿಕರಲ್ಲದ ನನ್ನ ಗೆಳೆಯರು ಆಗಾಗ ಕೇಳುತ್ತಾರೆ: "ನಿಮ್ಮ ಪೋಪ್ ತಪ್ಪೇ ಮಾಡುವುದಿಲ್ಲ ಅಂತ ನೀವು ನಂಬಬೇಕಲ್ವಾ?" ಇಲ್ಲ. 1870ರ ಮೊದಲ ವ್ಯಾಟಿಕನ್ ಮಹಾಸಭೆ ಹೇಳಿದ್ದು ಬಹಳ ಇಕ್ಕಟ್ಟಾದ ಮಾತು. ವಿಶ್ವಾಸ ಅಥವಾ ನೀತಿಯ ವಿಷಯದಲ್ಲಿ, ಇಡೀ ಸಭೆಯ ಗುರುವಾಗಿ, ಇದು ಎಲ್ಲರೂ ನಂಬಬೇಕಾದ ಕೊನೆಯ ತೀರ್ಮಾನ ಎಂದು ಪೋಪ್ ಸಾರಿದಾಗ ಮಾತ್ರ ಅದು ತಪ್ಪಾಗದು ಎಂದು. ಆ ಮಹಾಸಭೆಯ ನಂತರ ಹಾಗೆ ಸಾರಿದ್ದು 1950ರಲ್ಲಿ ಒಮ್ಮೆ, ಮರಿಯಮ್ಮನವರ ಸ್ವರ್ಗಾರೋಹಣದ ವಿಷಯದಲ್ಲಿ. ಮಿಕ್ಕಿದ್ದಕ್ಕೆಲ್ಲ ಬೇರೆ ಬೇರೆ ತೂಕವಿದೆ. ವಿಶ್ವದ ಸಭೆಗೆ ಬರೆದ ದೊಡ್ಡ ಪತ್ರಕ್ಕೆ ಒಂದು ತೂಕ. ಬುಧವಾರದ ಪ್ರವಚನಕ್ಕೆ ಇನ್ನೊಂದು. ವಿಮಾನದಲ್ಲಿ ಪತ್ರಕರ್ತರ ಜೊತೆ ನಿಂತು ಆಡಿದ ಮಾತಿಗೆ ಮತ್ತೊಂದು. ಹಳ್ಳಿಯಲ್ಲಿ ಹುಟ್ಟಿದವರಿಗೆ ಇದು ಸುಲಭವಾಗಿ ಗೊತ್ತಾಗುತ್ತದೆ. ಯಜಮಾನರು ಜಗಲಿ ಮೇಲೆ ಕೂತು ಆಡಿದ್ದು ಬೇರೆ, ಪಂಚಾಯಿತಿ ಕಟ್ಟೆ ಮೇಲೆ ಕೂತು ಹೇಳಿದ್ದು ಬೇರೆ. ಜಗಲಿ ಮಾತಿಗೂ ಬೆಲೆಯಿದೆ. ಆದರೆ ಅದನ್ನು ತೀರ್ಪು ಅಂತ ಯಾರೂ ತಗೊಂಡು ಹೋಗುವುದಿಲ್ಲ.

ಫ್ರಾನ್ಸಿಸ್ ಜಗಲಿಯಲ್ಲಿ ಧಾರಾಳವಾಗಿ ಮಾತಾಡುತ್ತಿದ್ದ ಪೋಪ್. 2013ರ ಜುಲೈನಲ್ಲಿ ಬ್ರೆಜಿಲ್‌ನಿಂದ ಹಿಂದಿರುಗುವ ವಿಮಾನದಲ್ಲಿ ಅವರು ಆಡಿದ "ತೀರ್ಪು ಕೊಡಲು ನಾನ್ಯಾರು" ಅನ್ನುವ ಮಾತು ಜಗತ್ತೆಲ್ಲ ಸುತ್ತಿತು. ಪೂರ್ತಿ ಮಾತು ಹೀಗಿತ್ತು: ಸಲಿಂಗ ಒಲವಿರುವ ಒಬ್ಬ ವ್ಯಕ್ತಿ ಒಳ್ಳೆಯ ಮನಸ್ಸಿನಿಂದ ದೇವರನ್ನು ಹುಡುಕುತ್ತಿದ್ದರೆ, ತೀರ್ಪು ಕೊಡಲು ನಾನ್ಯಾರು? ಮೊದಲ ಅರ್ಧ ಉದುರಿಹೋಯಿತು. ಒಂದು ಕಡೆಯವರು ಸಭೆಯ ಬೋಧನೆಯೇ ಬದಲಾಯಿತು ಎಂದು ಸಂಭ್ರಮಪಟ್ಟರು, ಇನ್ನೊಂದು ಕಡೆಯವರು ಅದಕ್ಕೇ ಸಿಟ್ಟಾದರು. ಬೋಧನೆ ಬದಲಾಗಿರಲಿಲ್ಲ. ಆದರೆ ಮಾತಿನ ದನಿ ಬದಲಾಗಿತ್ತು, ಅದು ಸಣ್ಣ ವಿಷಯವೂ ಆಗಿರಲಿಲ್ಲ. ತಮ್ಮ ಮಗನ ಬಗ್ಗೆ ಯಾರ ಹತ್ತಿರವೂ ಬಾಯಿಬಿಡಲಾಗದೆ ಕೂತಿದ್ದ ತಂದೆತಾಯಿಗೆ ಆ ದನಿಯೇ ಸಾಕಿತ್ತು ಅನ್ನುವುದು ನನ್ನ ನಂಬಿಕೆ. 2023ರ ಡಿಸೆಂಬರ್‌ನಲ್ಲಿ ಸಲಿಂಗ ಜೋಡಿಗಳಿಗೂ ಗುರುಗಳು ಸರಳ ಆಶೀರ್ವಾದ ಕೊಡಬಹುದು ಎಂಬ ಪ್ರಕಟಣೆ ವ್ಯಾಟಿಕನ್‌ನಿಂದ ಬಂದಾಗ ಆಫ್ರಿಕಾದ ಧರ್ಮಾಧ್ಯಕ್ಷರು (ಬಿಷಪ್‌ಗಳು) ನಮ್ಮಲ್ಲಿ ಇದು ಆಗದು ಎಂದು ಬಹಿರಂಗವಾಗಿಯೇ ಹೇಳಿದರು. ನಮ್ಮ ಕಡೆ ಅಂಥ ಗಲಾಟೆ ನಾನು ಕಾಣಲಿಲ್ಲ. ಇದನ್ನು ಒಪ್ಪಿಗೆ ಎಂದು ತಿಳಿಯಬೇಡಿ. ನಮ್ಮ ಮನೆಗಳಲ್ಲಿ ಈ ವಿಷಯ ಇನ್ನೂ ಊಟದ ಹೊತ್ತಿಗೆ ಬರುವುದೇ ಇಲ್ಲ.

ಮೌನದ ಮಾತು ಬಂತು, ಹಾಗಾಗಿ ಇನ್ನೊಂದು ಹೇಳಬೇಕು. ಸರ್ಕಾರಿ ಗರ್ಭನಿರೋಧ ಕ್ಲಿನಿಕ್‌ಗಳನ್ನು ತೆರೆಯಲು ಮೈಸೂರು ಸಂಸ್ಥಾನ ಮುಂದಾದದ್ದು 1930ರಲ್ಲಿ. ಜಗತ್ತಿನಲ್ಲೇ ಇದು ಮೊದಲು ಎಂದು ಹೇಳುವುದುಂಟು. ಅದೇ ವರ್ಷದ ಕೊನೆಯ ದಿನ ಪೋಪ್ ಹನ್ನೊಂದನೇ ಪಯಸ್ ಮದುವೆಯ ಬಗ್ಗೆ ಒಂದು ಪತ್ರ ಬರೆದು ಕೃತಕ ಗರ್ಭನಿರೋಧ ಪಾಪ ಎಂದರು. 1968ರಲ್ಲಿ ಆರನೇ ಪೌಲ್ ಅದನ್ನೇ ಮತ್ತೆ ಖಚಿತಪಡಿಸಿದರು. ಒಂದು ಕಡೆ ಮಹಾರಾಜರ ಆಸ್ಪತ್ರೆ, ಇನ್ನೊಂದು ಕಡೆ ಪೋಪ್ ಪತ್ರ. ನಡುವೆ ನಮ್ಮ ಕಥೋಲಿಕ ಹೆಂಗಸರು. ಅವರ ಪ್ರತಿಕ್ರಿಯೆಯನ್ನು ಯಾರೂ ಬರೆದಿಡಲಿಲ್ಲ. ನನ್ನ ಅಜ್ಜಿಗೆ ಒಂಬತ್ತು ಮಕ್ಕಳು, ಅಮ್ಮನಿಗೆ ಮೂವರು, ನನ್ನ ತಲೆಮಾರಿನ ಮನೆಗಳಲ್ಲಿ ಒಬ್ಬರು, ಹೆಚ್ಚೆಂದರೆ ಇಬ್ಬರು. ಯಾರೂ ಪೋಪ್ ವಿರುದ್ಧ ಒಂದು ಮಾತು ಆಡಿದ್ದಿಲ್ಲ. ಪಾಪನಿವೇದನೆಯ ಗೂಡಿನಲ್ಲಿ ಏನಾಯಿತೋ ಅದು ಅವರಿಗೂ ದೇವರಿಗೂ ಗೊತ್ತು. 2015ರ ಜನವರಿಯಲ್ಲಿ ಫ್ರಾನ್ಸಿಸ್, ಒಳ್ಳೆಯ ಕಥೋಲಿಕರಾಗಲು ಮೊಲಗಳ ಹಾಗೆ ಇರಬೇಕಿಲ್ಲ ಎಂದಾಗ ದೊಡ್ಡ ಕುಟುಂಬಗಳವರು ನೊಂದುಕೊಂಡರು, ಕೆಲವೇ ದಿನದಲ್ಲಿ ಫ್ರಾನ್ಸಿಸ್ ದೊಡ್ಡ ಕುಟುಂಬಗಳನ್ನು ಹೊಗಳಿ ಮಾತಾಡಬೇಕಾಯಿತು. ಒಂಬತ್ತು ಹೆತ್ತ ನನ್ನ ಅಜ್ಜಿ ಆಗ ಬದುಕಿದ್ದಿದ್ದರೆ ಆ ಮಾತು ಅವರಿಗೆ ಚುಚ್ಚುತ್ತಿತ್ತು. ಹಿರಿಯರು ಆಡಿದರೂ ಚುಚ್ಚುವ ಮಾತು ಚುಚ್ಚುತ್ತದೆ.

ಮಾತಿಗಿಂತ ಬೇಗ ಬರುವುದು ಚಿತ್ರ. ಫ್ರಾನ್ಸಿಸ್ ಕಪ್ಪು ಬೂಟು ಹಾಕಿದರು, ಅರಮನೆ ಬಿಟ್ಟು ಸಂತ ಮಾರ್ತಾ ಅತಿಥಿಗೃಹದಲ್ಲಿ ಉಳಿದರು, ಪೋಪ್ ಆದ ಮೊದಲ ವರ್ಷವೇ ಬಾಲಾಪರಾಧಿಗಳ ಜೈಲಿಗೆ ಹೋಗಿ ಹುಡುಗಿಯರ ಪಾದವನ್ನೂ ತೊಳೆದರು. ಇದನ್ನೆಲ್ಲ ನಮ್ಮಲ್ಲಿ ವಿವರಿಸಿ ಹೇಳಬೇಕಾಗಲಿಲ್ಲ. ಸರಳವಾಗಿ ಬದುಕುವ ಗುರುವನ್ನು ಗುರುತಿಸಲು ಈ ನೆಲಕ್ಕೆ ಯಾರೂ ಪಾಠ ಹೇಳಬೇಕಿಲ್ಲ. ಕ್ರೈಸ್ತರಲ್ಲದವರೂ ಅವರ ಫೋಟೊ ನೋಡಿ "ಇವರು ಒಳ್ಳೆಯ ಸ್ವಾಮಿಗಳು" ಅಂದದ್ದನ್ನು ನಾನೇ ಕೇಳಿದ್ದೇನೆ. 2020ರ ಮಾರ್ಚ್ 27ರಂದು ಮಳೆಯಲ್ಲಿ ನೆನೆದ ಖಾಲಿ ಚೌಕದಲ್ಲಿ ಒಬ್ಬರೇ ನಿಂತು ಪ್ರಾರ್ಥಿಸಿದರಲ್ಲ, ಲಾಕ್‌ಡೌನ್‌ನಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದ ನಮಗೆ ಆವತ್ತು ಅವರು ಏನು ಹೇಳಿದರು ಅನ್ನುವುದಕ್ಕಿಂತ ಅಲ್ಲಿ ನಿಂತಿದ್ದರು ಅನ್ನುವುದೇ ದೊಡ್ಡದಾಗಿತ್ತು.

ಆದರೆ ಚಿತ್ರವನ್ನು ಈಗ ಯಾರು ಬೇಕಾದರೂ ಮಾಡಬಹುದು. 2023ರಲ್ಲಿ ದಪ್ಪ ಬಿಳಿ ಜಾಕೆಟ್ ಹಾಕಿದ ಫ್ರಾನ್ಸಿಸ್ ಚಿತ್ರ ಎಲ್ಲರ ಫೋನಿಗೂ ಬಂತು. ಅದು ಕೃತಕ ಬುದ್ಧಿಮತ್ತೆಯ ಕೆಲಸ. ಫ್ರಾನ್ಸಿಸ್ ನಂತರ ಹದಿನಾಲ್ಕನೇ ಲಿಯೋ ಪೋಪ್ ಆದ ತಿಂಗಳೇ, ಅವರು ಬುರ್ಕಿನಾ ಫಾಸೊ ದೇಶದ ನಾಯಕನನ್ನು ಹೊಗಳಿ ಮಾತಾಡಿದ ಹಾಗೆ ಒಂದು ಉದ್ದದ ಸುಳ್ಳು ವಿಡಿಯೊ ಹರಿದಾಡಿತು, ಅದು ನಕಲಿ ಎಂದು ವ್ಯಾಟಿಕನ್ ಹೇಳಬೇಕಾಯಿತು. ಲಿಯೋ ದನಿಯಲ್ಲಿ ಅವರು ಎಂದೂ ಆಡದ ಪ್ರಸಂಗಗಳು ಯೂಟ್ಯೂಬ್‌ನಲ್ಲಿ ಈಗಲೂ ಸಿಗುತ್ತವೆ. ನಮ್ಮ ಹಿರಿಯರು ಇದನ್ನು ಕಣ್ಣೀರು ಹಾಕಿಕೊಂಡು ಕೇಳಿ ಬೇರೆಯವರಿಗೆ ಕಳಿಸುತ್ತಾರೆ. ಬೈಯುವ ವಿಡಿಯೊಗಿಂತ ಇದು ನನಗೆ ಜಾಸ್ತಿ ಭಯ ತರುತ್ತದೆ. ವ್ಯಾಟಿಕನ್ ನ್ಯೂಸ್ ಈಗ ಕನ್ನಡದಲ್ಲೂ ಇದೆ. ಪೋಪ್ ನಿಜವಾಗಿ ಏನು ಹೇಳಿದರು ಅನ್ನುವುದನ್ನು ಅಲ್ಲಿ ನೋಡಬಹುದು. ಇದನ್ನು ಪ್ರತಿ ಧರ್ಮಕೇಂದ್ರದಲ್ಲೂ ಭಾನುವಾರದ ಪ್ರಕಟಣೆಯ ಜೊತೆ ಹೇಳಬೇಕು.

ಲಿಯೋ ಬಾಲ್ಕನಿಗೆ ಬಂದಾಗ ಫ್ರಾನ್ಸಿಸ್ ಹಾಕದೆ ಬಿಟ್ಟಿದ್ದ ಸಾಂಪ್ರದಾಯಿಕ ಕೆಂಪು ಮೇಲುಹೊದಿಕೆ ಹಾಕಿದ್ದರು. ಅಷ್ಟಕ್ಕೇ ಇವರು ಅವರ ವಿರೋಧಿ ಎಂದು ಕೆಲವರು ಬರೆದುಬಿಟ್ಟರು. ಅವರ ಮೊದಲ ಮಾತು "ನಿಮ್ಮೆಲ್ಲರಿಗೂ ಶಾಂತಿ ಇರಲಿ" ಎಂದಾಗಿತ್ತು. ಆಮೇಲೆ 2025ರ ಅಕ್ಟೋಬರ್‌ನಲ್ಲಿ ಅವರ ಮೊದಲ ದೊಡ್ಡ ಬರಹ ಬಂತು, ಬಡವರ ಮೇಲಿನ ಪ್ರೀತಿಯ ಬಗ್ಗೆ. ಫ್ರಾನ್ಸಿಸ್ ಆರಂಭಿಸಿ ಬಿಟ್ಟುಹೋಗಿದ್ದ ಬರಹವನ್ನೇ ಅವರು ಮುಂದುವರಿಸಿ ಮುಗಿಸಿದ್ದರು. ಬಟ್ಟೆ ನೋಡಿ ಬರೆದವರು ಅದನ್ನು ಓದಿದರೋ ಇಲ್ಲವೋ.

ಪೋಪ್ ಮಾತಿನ ಬೆಲೆಯನ್ನು ರೋಮಿನಲ್ಲಿರುವವರಿಗಿಂತ ನಮ್ಮಂಥವರು ಜಾಸ್ತಿ ತೆರಬೇಕಾಗುವ ಸಂದರ್ಭವೂ ಇದೆ. 1999ರ ನವೆಂಬರ್‌ನಲ್ಲಿ ಎರಡನೇ ಜಾನ್ ಪೌಲ್ ದೆಹಲಿಗೆ ಬಂದರು. ಮೊದಲ ಸಾವಿರ ವರ್ಷದಲ್ಲಿ ಯೂರೋಪಿನಲ್ಲಿ, ಎರಡನೆಯದರಲ್ಲಿ ಅಮೆರಿಕ ಮತ್ತು ಆಫ್ರಿಕಾದಲ್ಲಿ ಶಿಲುಬೆ ನೆಟ್ಟ ಹಾಗೆ, ಮೂರನೇ ಸಾವಿರದಲ್ಲಿ ಏಷ್ಯಾದಲ್ಲಿ ವಿಶ್ವಾಸದ ದೊಡ್ಡ ಸುಗ್ಗಿಯಾಗಲಿ ಎಂದು ಪ್ರಾರ್ಥಿಸೋಣ ಎಂಬ ಅರ್ಥದ ಮಾತಾಡಿದರು. ಸುಗ್ಗಿ ಅನ್ನುವುದು ಶುಭಸಂದೇಶದ ಮಾತು. ಪೂಜೆಯಲ್ಲಿ ಎಷ್ಟೋ ಸಲ ಕೇಳುತ್ತೇವೆ, ನಮಗೆ ಅದರಲ್ಲಿ ಯಾರನ್ನೂ ಕಿತ್ತುಕೊಳ್ಳುವ ಅರ್ಥ ಹೊಳೆಯುವುದಿಲ್ಲ. ಆದರೆ ಅದು ದೀಪಾವಳಿಯ ಸಮಯ, ಹೊರಗೆ ಮತಾಂತರದ ಚರ್ಚೆ ಕಾವೇರಿತ್ತು. ಚರ್ಚಿನ ಹೊರಗೆ ನಿಂತವರಿಗೆ ಕೇಳಿಸಿದ್ದು, ನಮ್ಮನ್ನು ಕೊಯ್ಯಲು ಬರುತ್ತಿದ್ದಾರೆ ಅಂತ.

ಮಂಡ್ಯದ ಕಡೆಯವರಿಗೆ ಸುಗ್ಗಿ ಅಂದರೆ ಬೆಳೆದವನ ಹಬ್ಬ. ಬೆಳೆ ಯಾರದು ಅನ್ನುವ ಪ್ರಶ್ನೆ ಇಲ್ಲಿ ತಾನಾಗಿಯೇ ಏಳುತ್ತದೆ. ಪೋಪ್ ಹಿಂದಿರುಗಿದರು. ಮರುದಿನ ಅಂಗಡಿಯಲ್ಲಿ, ಶಾಲೆಯಲ್ಲಿ, ಕಚೇರಿಯಲ್ಲಿ ಅದಕ್ಕೆ ಉತ್ತರ ಹೇಳಬೇಕಾದವರು ಇಲ್ಲಿಯ ಕ್ರೈಸ್ತರು. ನಾನಾಗ ಕಾಲೇಜಿನಲ್ಲಿದ್ದೆ. "ನಿಮ್ಮ ಪೋಪ್ ಹಿಂಗಂದರಂತೆ" ಎಂದು ಕೇಳಿದ ಗೆಳೆಯನಿಗೆ ಏನು ಹೇಳಲಿ ಎಂದು ತೋಚದೆ ನಿಂತದ್ದು ನೆನಪಿದೆ. ಅವನು ಬೇರೆ ಯಾರೂ ಅಲ್ಲ, ಪ್ರತಿ ಜೂನ್ 13ಕ್ಕೆ ಮನೆಯವರ ಜೊತೆ ದೋರನಹಳ್ಳಿ ಜಾತ್ರೆಗೆ ಬಂದು ಸಂತ ಅಂತೋಣಿಯವರಿಗೆ ಹರಕೆ ತೀರಿಸುತ್ತಿದ್ದವನು. ಕೆ.ಆರ್. ನಗರದ ಹತ್ತಿರದ ಆ ದೇವಾಲಯಕ್ಕೆ ಹೋಗಿ ನೋಡಿ. ಅಲ್ಲಿ ಸೇರುವ ಜನರಲ್ಲಿ ಯಾರು ಯಾವ ಧರ್ಮ ಅಂತ ಹೇಳುವುದು ಕಷ್ಟ. 2019ರಲ್ಲಿ ಫ್ರಾನ್ಸಿಸ್ ಅದನ್ನು ಕಿರಿಯ ಬಸಿಲಿಕ ಎಂಬ ಗೌರವದ ದರ್ಜೆಗೆ ಏರಿಸಿದಾಗ ಊರೇ ಹೆಮ್ಮೆಪಟ್ಟಿತು. ಅದೂ ಪೋಪ್ ಮಾತೇ, 1999ರದ್ದೂ ಪೋಪ್ ಮಾತೇ. ಒಂದು ನೆರೆಹೊರೆಯನ್ನು ಹತ್ತಿರ ತಂದಿತು, ಇನ್ನೊಂದು ಒಂದಿಷ್ಟು ದಿನವಾದರೂ ದೂರ ಮಾಡಿತು. ರೋಮಿನಲ್ಲಿ ಭಾಷಣ ಬರೆಯುವವರು ಇದನ್ನು ಯೋಚಿಸಲೇಬೇಕು ಎಂದು ನಾನು ಆಗಲೂ ಅಂದುಕೊಂಡಿದ್ದೆ, ಈಗಲೂ ಅಂದುಕೊಳ್ಳುತ್ತೇನೆ.

ಕೆಲವು ಮಾತು ಇಲ್ಲಿಗೆ ಬಂದು ಸುಮ್ನೆ ಹಾದುಹೋಗುತ್ತವೆ. 2021ರಲ್ಲಿ ಫ್ರಾನ್ಸಿಸ್ ಹಳೆಯ ಲತೀನ್ ಪೂಜೆಗೆ ಮಿತಿ ಹಾಕಿದಾಗ ಅಮೆರಿಕ, ಫ್ರಾನ್ಸ್‌ನಲ್ಲಿ ಬೆಂಕಿ ಹತ್ತಿದ ಹಾಗಾಯಿತು. ನಮ್ಮ ಅಜ್ಜಿಯರಿಗೆ ಲತೀನ್ ಅಂದರೆ ಅರ್ಥವಾಗದ ಮಂತ್ರ. ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ ಪೂಜೆ ಕನ್ನಡಕ್ಕೆ ಬಂದದ್ದು ಅವರ ಬದುಕಿನ ದೊಡ್ಡ ಬಿಡುಗಡೆ. ಅದನ್ನು ಕಳೆದುಕೊಳ್ಳಲು ಯಾರಿಗೆ ಮನಸ್ಸಿದೆ?

ಇನ್ನು ಕೆಲವು ಮಾತು ಇಲ್ಲಿಗೇ ಬರೆದ ಹಾಗಿದ್ದೂ ಇಲ್ಲಿಗೆ ಬರಲೇ ಇಲ್ಲ. 2015ರ ಜೂನ್‌ನಲ್ಲಿ ಭೂಮಿಯನ್ನು ನಮ್ಮೆಲ್ಲರ ಮನೆ ಎಂದು ಕರೆದು ಫ್ರಾನ್ಸಿಸ್ ಬರೆದ ಪತ್ರ ಅಂಥದ್ದು. ಅದರ 30ನೇ ಪರಿಚ್ಛೇದದಲ್ಲಿ, ಶುದ್ಧ ಕುಡಿಯುವ ನೀರು ಮನುಷ್ಯನ ಮೂಲ ಹಕ್ಕು, ಬದುಕಿಗೆ ಅದು ಬೇಕೇ ಬೇಕು ಎಂದಿದೆ. ಮಾರುಕಟ್ಟೆಯ ಸರಕಾಗಿ ನೀರನ್ನು ಮಾರುವ ಬಗ್ಗೆ ಎಚ್ಚರಿಸಿದೆ. ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟವನ್ನು ದಿನಾ ಬೆಳಿಗ್ಗೆ ಪೇಪರಿನಲ್ಲಿ ನೋಡುವ ಜಿಲ್ಲೆ ಮಂಡ್ಯ. 2023ರಲ್ಲಿ ಕಾವೇರಿಗಾಗಿ ಇಲ್ಲಿ ಜನ ರಸ್ತೆಯಲ್ಲಿ ಕೂತರು. ಶ್ರೀರಂಗಪಟ್ಟಣದ ಪಕ್ಕದ ಪಾಲಹಳ್ಳಿಯಲ್ಲಿ ತಲೆತಲಾಂತರದಿಂದ ಕಥೋಲಿಕರಿದ್ದಾರೆ, ಅವರದೂ ನಾಲೆ ನೀರಿನ ಬದುಕು. ಆ ಪತ್ರದ ಬಗ್ಗೆ ನಾನು ಕೇಳಿದ ಪ್ರಬೋಧನೆಗಳಲ್ಲಿ ಗಿಡ ನೆಡಿ, ಪ್ಲಾಸ್ಟಿಕ್ ಬಿಡಿ ಅನ್ನುವುದಷ್ಟೇ ಇತ್ತು. ನಾಲೆಯ ಕೊನೆಯ ಹೊಲಕ್ಕೆ ನೀರು ಬಾರದ ರೈತನ ಬಗ್ಗೆ ಅದರಲ್ಲಿ ಎಷ್ಟು ಇತ್ತು ಅಂತ ಯಾರೂ ಬಿಡಿಸಿ ಹೇಳಲಿಲ್ಲ. ಇದು ಪೋಪ್ ತಪ್ಪಲ್ಲ. ಮಾತನ್ನು ಇಲ್ಲಿಯ ಮಣ್ಣಿಗೆ ತರುವವರು ಬೇಕು, ಅವರು ಕಡಿಮೆ.

ಹಾಗೆ ನೋಡಿದರೆ ಪೋಪ್ ಮಾತು ನಮ್ಮ ಊರಿಗೆ ನೇರವಾಗಿ ಮುಟ್ಟುವುದು ಧರ್ಮಾಧ್ಯಕ್ಷರ ನೇಮಕದ ಕಾಗದದಲ್ಲಿ. ಮೈಸೂರು ಧರ್ಮಪ್ರಾಂತ್ಯ ಅಂದರೆ ಮೈಸೂರು, ಮಂಡ್ಯ, ಚಾಮರಾಜನಗರ, ಕೊಡಗು. 2023ರ ಜನವರಿಯಲ್ಲಿ ಇಲ್ಲಿಗೆ ಬೆಂಗಳೂರಿನ ನಿವೃತ್ತ ಮಹಾಧರ್ಮಾಧ್ಯಕ್ಷ ಬರ್ನಾರ್ಡ್ ಮೊರಾಸ್ ಅವರನ್ನು ಆಡಳಿತಾಧಿಕಾರಿಯಾಗಿ ರೋಮ್ ಕಳಿಸಿತು. ಆಮೇಲೆ ಶಿವಮೊಗ್ಗದಿಂದ ಫ್ರಾನ್ಸಿಸ್ ಸೆರಾವೊ ಧರ್ಮಾಧ್ಯಕ್ಷರಾಗಿ ಬಂದರು. ಆ ನಡುವಿನ ಕಾಲದಲ್ಲಿ ಪೂಜೆ ಮುಗಿಸಿ ಹೊರಗೆ ನಿಂತವರ ಬಾಯಲ್ಲಿ ಇದ್ದದ್ದು ಒಂದೇ ಮಾತು, ರೋಮಿನಿಂದ ಯಾವಾಗ ಕಾಗದ ಬರುತ್ತದೆ ಅಂತ. ಲತೀನ್ ಪೂಜೆಗೂ ವಿಮಾನದ ಮಾತಿಗೂ ಕಾಣದ ಕಾತರ ಅಲ್ಲಿತ್ತು.

ಪ್ರತಿ ಬಲಿಪೂಜೆಯ ನಡುವೆ ಗುರುಗಳು ಪೋಪ್ ಹೆಸರು ಹೇಳಿ ಪ್ರಾರ್ಥಿಸುತ್ತಾರೆ. ಪೋಪ್ ತೀರಿಕೊಂಡರೆ ಹೊಸಬರು ಬರುವ ತನಕ ಆ ಹೆಸರು ಹೇಳುವುದಿಲ್ಲ. 2025ರಲ್ಲಿ 17 ದಿನ ಆ ಜಾಗ ಖಾಲಿ ಇತ್ತು. ಅಭ್ಯಾಸಬಲದಿಂದ ನಮ್ಮ ಕಿವಿ ಅಲ್ಲಿ ತಡವರಿಸುತ್ತಿತ್ತು. ಮೇ 8ರ ರಾತ್ರಿ, ನಮ್ಮಲ್ಲಿ ಒಂಬತ್ತೂವರೆ ದಾಟಿದ ಮೇಲೆ, ಬಿಳಿ ಹೊಗೆ ಬಂತು. ಅಮ್ಮ ಆಗಲೇ ಮಲಗಿದ್ದರು. ಎಬ್ಬಿಸಲಿಲ್ಲ. ಮರುದಿನ ಬೆಳಿಗ್ಗೆ ಆರು ಗಂಟೆಯ ಪೂಜೆಗೆ ಎಂದಿನಂತೆ ಹೋದರು. ಹಿಂದಿರುಗಿ ಬಂದವರು ಚಪ್ಪಲಿ ಬಿಡುತ್ತಲೇ ನನ್ನ ಫೋನಿಗೆ ಕೈ ಚಾಚಿದರು.

"ಲಿಯೋ ಅಂತೆ ಹೆಸರು. ಅವರಿಗೋಸ್ಕರ ಪ್ರಾರ್ಥನೆ ಮಾಡಿಬಂದೆ. ಮುಖ ಹೆಂಗಿದೆ, ತೋರಿಸು."